ಕೋಡಿ ಕಲ್ಲು ಯಾರ ಕೊಟ್ಟಿಗೆ ಕೆಳಗಿದೆ?

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು ‘ಹೊಳೆದಂಡೆ ಬಳಗ’. ಹೊಳೆ ಅಂದರೆ ವೇದಾವತಿ. ವರ್ಷದ ಬಹುಪಾಲು ದಿನ ಅದರಲ್ಲಿ ಮರಳು, ಬಳ್ಳಾರಿ ಜಾಲಿ ಬಿಟ್ಟರೆ ಏನೂ ಇರುವುದಿಲ್ಲ. ಗುಂಪಿನಲ್ಲಿ ಮಾತ್ರ ದಿನಾ ಪ್ರವಾಹ. ಒಟ್ಟು 47 ಜನ. ಕೆಲವರು ಹೊಸದುರ್ಗದ ಕಡೆಯವರು, ಅಂದರೆ ಈ ಹೊಳೆಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟಿನ ಮೇಲ್ಗಡೆ. ಕೆಲವರು ಹಿರಿಯೂರಿನ ಕಡೆ, ಅಣೆಕಟ್ಟಿನ ಕೆಳಗಡೆ. ಉಳಿದವರು ಬೆಂಗಳೂರು, ಒಬ್ಬ ನ್ಯೂಜೆರ್ಸಿ. ಈ ಮೇಲ್ಗಡೆ, ಕೆಳಗಡೆ ಲೆಕ್ಕ ಸ್ವಲ್ಪ ನೆನಪಿಟ್ಟುಕೊಳ್ಳಿ.

ಭಾನುವಾರ ಬೆಳಗ್ಗೆ 6:12ಕ್ಕೆ ಹಿರಿಯೂರಿನ ಅತ್ತೆ ಒಂದು ಫೋಟೊ ಹಾಕಿದರು. ಹಲವು ಸಲ ಫಾರ್ವರ್ಡ್ ಆಗಿದೆ ಅಂತ ತೋರಿಸುವ ಜೋಡಿ ಬಾಣ ತಲೆಮೇಲೇ ಇತ್ತು. ಹಳ್ಳಕ್ಕೆ ಅಡ್ಡ ಕಲ್ಲುಗೋಡೆ, ಅದರ ಹಿಂದೆ ನಿಂತ ನೀರು, ದಡದಲ್ಲಿ ಒಂದು ಬೋರ್ಡು. ಕೆಳಗೆ ಬರಹ:

“ಮಾರಿಕಣಿವೆಗೆ ಚೆಕ್ ಡ್ಯಾಂಗಳೇ ಮಾರಿ!! ಮೇಲಿನ ತಾಲ್ಲೂಕಿನವರು ಒಂದು ಹನಿಯನ್ನೂ ಕೆಳಗೆ ಬಿಡದೆ ಕಟ್ಟಿಕೊಂಡಿದ್ದಾರೆ. ಇವನ್ನೆಲ್ಲ ಒಡೆದರೆ ಪ್ರತಿ ವರ್ಷ ಕೋಡಿ ಗ್ಯಾರಂಟಿ. ಹಿರಿಯೂರಿನ ರಕ್ತ ಇದ್ದರೆ ಶೇರ್ ಮಾಡಿ.”

ಅತ್ತೆ ತಾವಾಗಿ ಸೇರಿಸಿದ್ದು ಒಂದೇ ಸಾಲು. “ನಾನು ಹೇಳಿದ್ರೆ ಯಾರೂ ನಂಬ್ತಿರ್ಲಿಲ್ಲ. ಈಗ ನೋಡ್ರಪ್ಪ.”

ಅತ್ತೆಯ ಸಂಕಟ ಸುಳ್ಳಲ್ಲ. ಜಲಾಶಯ ತಳ ಕಂಡಿದ್ದ ಆ ವರ್ಷಗಳಲ್ಲಿ ಅವರ ತೋಟದ ತೆಂಗಿನ ಮರಗಳು ಒಂದೊಂದಾಗಿ ಸುಳಿ ಬಾಗಿಸಿಕೊಂಡು ಒಣಗಿದ್ದನ್ನು ನಾನೇ ನೋಡಿದ್ದೇನೆ. ಮಾವ ನೆಟ್ಟ ಮರಗಳು. ಕಡಿಸುವ ದಿನ ಅತ್ತೆ ತೋಟಕ್ಕೇ ಹೋಗಲಿಲ್ಲ.

ಎರಡು ನಿಮಿಷದೊಳಗೆ ಬೆಂಗಳೂರಿನ ತಮ್ಮ ಹಾಜರ್. “ಅತ್ತೆ, ಸೋರ್ಸ್ ಏನು?” ಇವನಿಗೆ ಮನೆಯಲ್ಲಿ ‘ಸೋರ್ಸ್ ಸ್ವಾಮಿ’ ಅಂತಲೇ ಹೆಸರು. ತನ್ನ ಮದುವೆ ಮಾತುಕತೆಯಲ್ಲಿ ಜಾತಕ ತಂದ ಜೋಯಿಸರನ್ನೂ ಹೀಗೇ ಕೇಳಿದ್ದ.

“ಸೋರ್ಸ್ ನನ್ನ ತೋಟ,” ಅಂತ ಅತ್ತೆ.

ಸ್ವಾಮಿ ಸುಮ್ನಿರಲಿಲ್ಲ. ಉದ್ದಕ್ಕೆ ಬರೆದ. ಅಣೆಕಟ್ಟು ಶುರುವಾಗಿದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಮೊದಲ ಸಲ ಜಲಾಶಯ ತುಂಬಿ ಕೋಡಿ ಬಿದ್ದಿದ್ದು 1933ರಲ್ಲಿ. ಎರಡನೇ ಸಲ 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. “ನಲವತ್ತರ, ಐವತ್ತರ, ಅರವತ್ತರ ದಶಕದಲ್ಲಿ ಮೇಲೆ ಎಷ್ಟು ಚೆಕ್ ಡ್ಯಾಂ ಇತ್ತು? ಆಗ ಯಾಕೆ ಕೋಡಿ ಬೀಳಲಿಲ್ಲ? 2022ರಲ್ಲಿ ಎಲ್ಲ ಚೆಕ್ ಡ್ಯಾಂ ನಿಂತೇ ಇದ್ವಲ್ಲ, ಆಗ ಯಾಕೆ ಬಿತ್ತು?”

ಮಾತು ಗಟ್ಟಿಯಾಗಿತ್ತು. ಆದರೆ ಅವನಿಗೆ ಅಷ್ಟಕ್ಕೇ ನಿಲ್ಲಿಸಿ ಗೊತ್ತಿಲ್ಲ. ಜಲಾಶಯ ಹಿಡಿಯುವುದು 30 ಟಿಎಂಸಿ, ಅಂದರೆ ಸುಮಾರು 85 ಕೋಟಿ ಘನ ಮೀಟರ್. ಒಂದು ಸಣ್ಣ ಚೆಕ್ ಡ್ಯಾಂ ಹಿಂದೆ 40 ಮೀಟರ್ ಉದ್ದ, 10 ಮೀಟರ್ ಅಗಲ, 1 ಮೀಟರ್ ಆಳ ನೀರು ನಿಂತರೆ 400 ಘನ ಮೀಟರ್. “ಜಲಾಶಯದಷ್ಟು ನೀರು ಕದಿಯೋಕೆ 21 ಲಕ್ಷ ಚೆಕ್ ಡ್ಯಾಂ ಬೇಕು ಅತ್ತೆ. ಅಷ್ಟೊಂದು ಸಿಮೆಂಟ್ ಎಲ್ಲಿದೆ?”

ಇಲ್ಲಿ ಅತ್ತೆಯ ಮಗ ಒಂದು ಒಳ್ಳೆ ಪ್ರಶ್ನೆ ಹಾಕಿದ. ಅವನು ಗುಂಪಿನಲ್ಲಿ ಬಾಯಿ ಬಿಡೋದೇ ಅಪರೂಪ. “ಅದು ವರ್ಷಕ್ಕೆ ಒಂದೇ ಸಲ ತುಂಬುತ್ತಾ? ಪ್ರತಿ ಮಳೆಗೂ ತುಂಬಿ, ಇಂಗಿ, ಮತ್ತೆ ತುಂಬಲ್ವಾ? ಇಂಗಿದ ನೀರನ್ನ ಮೇಲಿನ ಬೋರ್‌ವೆಲ್‌ಗಳು ಎಳ್ಕೊಂಡ್ರೆ ನಮಗೆ ಬರೋದೇನು?” ಇಡೀ ಜಗಳದಲ್ಲಿ ವಿಷಯಕ್ಕೆ ಅಂಟಿಕೊಂಡಿದ್ದ ಮಾತು ಇದೊಂದೇ ಅಂತ ನನಗೆ ಈಗಲೂ ಅನಿಸುತ್ತದೆ. ಹಳ್ಳದ ನೀರು ನೆಲಕ್ಕಿಳಿದರೆ ಎಲ್ಲೂ ಕಳೆದುಹೋಗುವುದಿಲ್ಲ. ಸುಮ್ನೆ ಬಿಟ್ಟರೆ ನಿಧಾನಕ್ಕೆ ಒಸರಿ ಮತ್ತೆ ಹಳ್ಳಕ್ಕೇ ಬರುತ್ತದೆ. ಮಳೆ ನಿಂತ ಮೇಲೂ ಹಳ್ಳ ಹರಿಯುತ್ತಿದ್ದದ್ದು ಆ ಒಸರಿನಿಂದಲೇ. ಅಷ್ಟರೊಳಗೆ ಬೋರಿನ ಮೋಟರು ಎಳೆದು ಅಡಿಕೆಗೆ ಬಿಟ್ಟರೆ ಕಥೆ ಬೇರೆ. ಅಂಥ ಪ್ರಶ್ನೆಗೆ ಬಂದದ್ದು ಎರಡು ಹೆಬ್ಬೆರಳು, ಒಂದು ಕೈಮುಗಿಯುವ ಚಿತ್ರ.

ಯಾಕಂದ್ರೆ ಅಷ್ಟೊತ್ತಿಗೆ ದೊಡ್ಡಪ್ಪ ಬಂದಿದ್ದರು. ನಿವೃತ್ತ ಮೇಷ್ಟ್ರು. ಮೊದಲು ಗುಲಾಬಿ ಹೂವಿನ ಶುಭೋದಯ, ಆಮೇಲೆ ಪಾಠ.

“ಒಡೆಯುವ ಮಾತು ಬೇಡ. ಕಟ್ಟುವ ಮಾತಾಡಿ. ಹಿರಿಯರು ಕೆರೆ ಕಟ್ಟಿ ಊರು ಉಳಿಸಿದರು. ಈಗಿನವರು ನಾಲ್ಕು ನಾಲ್ಕು ಬೋರು ಕೊರೆದು ಭೂಮಿತಾಯಿಯ ಎದೆ ತೂತು ಮಾಡಿದರು. ನೀರು ಎಲ್ಲಿ ನಿಲ್ಲುತ್ತದೆ?”

ಈಗಿನವರು ಅಂದರೆ ಯಾರು ಅಂತ ಗುಂಪಿನ ಸಣ್ಣ ಮಕ್ಕಳಿಗೂ ಗೊತ್ತು. ನಾಲ್ಕು ಬೋರು ಕೊರೆಸಿ, ಎರಡರಲ್ಲಿ ಬರೀ ಧೂಳು ಕಂಡು, ಉಳಿದೆರಡರಲ್ಲಿ ಎರಡೆಕರೆ ಅಡಿಕೆ ಮಾಡಿರುವುದು ಚಿಕ್ಕಪ್ಪ. ಅವರ ಹೆಸರಿನ ಕೆಳಗೆ ‘ಟೈಪಿಂಗ್’ ಅಂತ ಬಂತು. ಹೋಯಿತು. ಮತ್ತೆ ಬಂತು.

ಆ ಸಂದಿನಲ್ಲಿ ನ್ಯೂಜೆರ್ಸಿ ಅಣ್ಣ ನುಗ್ಗಿದ. ಅಲ್ಲಿ ಶನಿವಾರ ರಾತ್ರಿ, ನಿದ್ದೆ ಇಲ್ಲ. “ಗೋಕಟ್ಟೆ ಅಂದ್ರೆ ನೆನಪಾಗೋದು ನಮ್ಮ ಈಜು! ಎಮ್ಮೆ ಬೆನ್ನ ಮೇಲೆ ಕೂತು ಆ ಕಡೆ ದಡ! ಕಾರೆಹಣ್ಣು! ಆ ನೀರಿನ ರುಚಿ ಇಲ್ಲಿ ಯಾವ ಬಾಟಲಿಯಲ್ಲೂ ಇಲ್ಲ.” ಗೋಕಟ್ಟೆ ಸುದ್ದಿಯನ್ನು ಯಾರೂ ಎತ್ತಿರಲೇ ಇಲ್ಲ. ಎಮ್ಮೆ ಮೀಯುತ್ತಿದ್ದ ನೀರಿನ ರುಚಿ ಇವನಿಗೆ ಹೇಗೆ ಗೊತ್ತಾಯಿತು ಅಂತಲೂ ಯಾರೂ ಕೇಳಲಿಲ್ಲ. ಜೊತೆಗೆ ಮಾಸಿದ ಫೋಟೊ ಒಂದು. ಮೂರು ಹುಡುಗರು, ಮೈಯೆಲ್ಲ ಕೆಸರು. ಅತ್ತೆಯ ಮಗಳು ತಕ್ಷಣ, “ಆ ನೀಲಿ ಚಡ್ಡಿ ನಮ್ಮಣ್ಣಂದು. ವಾಪಸ್ ಕೊಟ್ಟೇ ಇಲ್ಲ.” ಚಡ್ಡಿ ಯಾರದು ಅಂತ 17 ಮೆಸೇಜು. ನಾನು ಎಣಿಸಿದ್ದೇನೆ.

ಹದಿನೆಂಟನೆಯದು ಚಿಕ್ಕಪ್ಪನದು.

“ಕಟ್ಟುವ ಮಾತನ್ನ ಅಣ್ಣ ಆಡಬಾರದು. ನಮ್ಮ ಬದುವಿನ ಕೋಡಿ ಕಲ್ಲು ಈಗ ಯಾರ ಕೊಟ್ಟಿಗೆ ಕೆಳಗಿದೆ ಅಂತ ಮೊದಲು ಹೇಳಲಿ.”

ಗುಂಪು ಗಪ್‌ಚಿಪ್.

ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆ ಬಂದ ಐದು ಜಿಲ್ಲೆಗಳಲ್ಲಿ ನಮ್ಮ ಚಿತ್ರದುರ್ಗವೂ ಒಂದು. ಅದರಲ್ಲಿ ನಮ್ಮ ಹೊಲಗಳಿಗೂ ಬದು ಹಾಕಿದರು. ಬದು ಅಂದರೆ ಗಡಿ ಅಲ್ಲ. ಗಡಿ ಗೆರೆ ಹಿಡಿದು ಹೋಗುತ್ತದೆ, ಬದು ಇಳಿಜಾರಿಗೆ ಅಡ್ಡ ಹೋಗುತ್ತದೆ. ನೆಲಕ್ಕೆ ಪಾಲು ಪಟ್ಟಿ ಗೊತ್ತಿಲ್ಲವಲ್ಲ. ಹಾಗಾಗಿ ಚಿಕ್ಕಪ್ಪನ ಹೊಲದಲ್ಲಿ ಶುರುವಾದ ಬದು ಸೊಟ್ಟಕ್ಕೆ ಬಂದು ದೊಡ್ಡಪ್ಪನ ಹೊಲದ ತಲೆಯಲ್ಲಿ ಮುಗಿಯಿತು. ಹೆಚ್ಚಾದ ನೀರು ಕೊರೆಯದೆ ಇಳಿಯಲಿ ಅಂತ ಆ ತುದಿಯಲ್ಲಿ ಕಲ್ಲು ಜೋಡಿಸಿ ಕೋಡಿ ಮಾಡಿದರು. ಬದು ಒಬ್ಬನ ಹೊಲದಲ್ಲಿ, ಕೋಡಿ ಇನ್ನೊಬ್ಬನ ಹೊಲದಲ್ಲಿ. ಅಣ್ಣ ತಮ್ಮಂದಿರಿಗೆ ಇಷ್ಟು ಸಾಕಾಗುತ್ತದೆ.

ದೊಡ್ಡಪ್ಪ ಹೇಳುವ ಪ್ರಕಾರ ಆ ಕೋಡಿಯ ನೀರು ಅವರ ಶೇಂಗಾ ಕೊಳೆಸಿತು. ಚಿಕ್ಕಪ್ಪ ಹೇಳುವ ಪ್ರಕಾರ ಕೊಟ್ಟಿಗೆ ಕಟ್ಟುವಾಗ ತಳಪಾಯಕ್ಕೆ ಕಲ್ಲು ಕಮ್ಮಿ ಬಿತ್ತು, ಒಂದು ರಾತ್ರಿ ಗಾಡಿ ಹೋಯಿತು. ನಿಜ ಯಾವುದೋ, ನನಗೆ ಗೊತ್ತಿರುವುದು ಆಮೇಲಿನ ಮಳೆ. ಅವತ್ತು ನಾನು ಊರಲ್ಲಿದ್ದೆ. ಸಂಜೆ ಒಂದೂವರೆ ಗಂಟೆ ಹೊತ್ತು ಮಳೆ ಹೊಡೆಯಿತು. ಕಲ್ಲಿಲ್ಲದ ಕೋಡಿಯ ಬಾಯಲ್ಲಿ ಮೊದಲು ಕೈ ಅಗಲದ ಸೀಳು ಬಿತ್ತು. ಅಂಚಿನ ಮಣ್ಣು ಹೆಂಟೆ ಹೆಂಟೆಯಾಗಿ ಕಳಚುತ್ತಾ ಹೋಯಿತು. ನೋಡನೋಡುತ್ತಾ ಆಳು ಇಳಿಯುವಷ್ಟು ಕೊರಕಲು. ನೀರಿನ ಬಣ್ಣ ಚಹಾದಂತಿರಲಿಲ್ಲ, ಕಲಸಿದ ರಾಗಿ ಅಂಬಲಿಯಂತಿತ್ತು. ಮರುದಿನ ಬೆಳಗ್ಗೆ ಹೊಲದ ತಲೆಯಲ್ಲಿ ಬರೀ ಗರಸು. ಮೇಲಿನ ಒಳ್ಳೆ ಮಣ್ಣೆಲ್ಲ ಕೆಳಗಿನ ಚೆಕ್ ಡ್ಯಾಂ ಹಿಂದೆ ಹೋಗಿ ಮಲಗಿತ್ತು. ಮುಂದಿನ ಬೇಸಗೆಗೆ ದೊಡ್ಡಪ್ಪ ಅದೇ ಮಣ್ಣನ್ನು ಗೋಡು ಅಂತ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಹೊಲಕ್ಕೆ ಹೊಡೆಸಿಕೊಂಡರು. ಅದರಲ್ಲಿ ಅರ್ಧ ತನ್ನದೇ ಅಂತ ಚಿಕ್ಕಪ್ಪ ಇವತ್ತಿಗೂ ಹೇಳುತ್ತಾರೆ.

ಎಕರೆಗೆ 20 ಮಿಲಿಮೀಟರ್ ಮಳೆ ಬಿದ್ದರೆ 80 ಸಾವಿರ ಲೀಟರ್ ನೀರು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಎಂಟು. ಅದನ್ನು ಬಿದ್ದಲ್ಲೇ ನಿಲ್ಲಿಸುವುದು ಹೊಲದ ಬದು. ಅಲ್ಲಿ ನಿಲ್ಲದಿದ್ದರೆ ಹಳ್ಳದ ಚೆಕ್ ಡ್ಯಾಂ ಪಾಪ ಏನು ಮಾಡೀತು? ನಾಲ್ಕು ಮಳೆಗಾಲಕ್ಕೆ ಹೂಳು ತುಂಬಿ, ನೀರು ಮೇಲಿಂದ ಜಾರಿ ಹೋಗುವ ಮೆಟ್ಟಿಲಾಗುತ್ತದೆ. ನಮ್ಮ ಹಳ್ಳದ್ದು ಈಗ ಹಾಗೇ ಇದೆ. ಅತ್ತೆಗೆ ಬರುವ ಒಂದು ಹನಿಯನ್ನೂ ತಡೆಯುವ ತಾಕತ್ತು ಅದಕ್ಕೆ ಉಳಿದಿಲ್ಲ. ಇದನ್ನು ಗುಂಪಿನಲ್ಲಿ ಹಾಕೋಣ ಅಂತ ಬರೆದೆ. ಅಷ್ಟರಲ್ಲಿ ಮೇಲೆ 31 ಮೆಸೇಜು ಬಂದಿದ್ದವು. ಅಳಿಸಿದೆ.

ದೊಡ್ಡಪ್ಪ: “ನಾನು ಯಾರ ಹೆಸರೂ ಹೇಳಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋಬೇಕು?”

ಚಿಕ್ಕಪ್ಪ: “ಕುಂಬಳಕಾಯಿ ಅಲ್ಲ ಅಣ್ಣ, ಕಲ್ಲು. 40 ಕಲ್ಲು.”

ದೊಡ್ಡಮ್ಮ (ಮೊದಲ ಸಲ, ಧ್ವನಿ ಸಂದೇಶ, ಹಿನ್ನೆಲೆಯಲ್ಲಿ ಕುಕ್ಕರ್ ಸೀಟಿ): “ನಲವತ್ತಿರ್ಲಿಲ್ಲ. ಇಪ್ಪತ್ತೈದೋ ಏನೋ.”

ಪಾಪ, ದೊಡ್ಡಮ್ಮ ಗಂಡನ ಪರ ವಹಿಸಿ ಮಾತಾಡಿದ್ದು.

ಇದಾದ ಅರ್ಧ ನಿಮಿಷಕ್ಕೆ ಚಿಕ್ಕಪ್ಪ ಗುಂಪು ಬಿಟ್ಟರು. ಸ್ವಾಮಿ ಮತ್ತೆ ಸೇರಿಸಿದ. ಮತ್ತೆ ಬಿಟ್ಟರು. ಮೂರನೇ ಸಲ ಸೇರಿಸಿದಾಗ ಇದ್ದರು. ಊಟದ ಹೊತ್ತಾಗಿತ್ತು ಅಂತ ಕಾಣುತ್ತೆ.

ಅತ್ತೆಗೆ ಕೋಪ. “ನನ್ನ ಫೋಟೊಗೆ ಯಾರೂ ಉತ್ತರ ಕೊಡ್ಲಿಲ್ಲ. ನಿಮ್ಮ ಕಲ್ಲು ನಿಮಗೆ ದೊಡ್ಡದಾಯ್ತು.” ಸ್ವಾಮಿ ಅಂದ, “ಅತ್ತೆ, 2025ರ ಜನವರಿಯಲ್ಲೂ ಕೋಡಿ ಬಿತ್ತಲ್ಲ, ಮೂರನೇ ಸಲ. ನೀವೇ ಹೋಗಿ ಸೆಲ್ಫಿ ಹಾಕಿದ್ರಿ.” ಅತ್ತೆ: “ಅದು ಭದ್ರಾ ನೀರು ಬಂದಿದ್ದಕ್ಕೆ.” ಅದರಲ್ಲೂ ಸತ್ಯ ಇತ್ತು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಸೇರದಿದ್ದರೆ ಆ ಲೆಕ್ಕ ಬೇರೆಯೇ ಇರುತ್ತಿತ್ತು. ಸ್ವಾಮಿ ಒಪ್ಪಿಕೊಳ್ಳುವ ಬದಲು ಒಂದು ಗ್ರಾಫ್ ಹಾಕಿದ. ಅದನ್ನು ಯಾರೂ ತೆರೆಯಲಿಲ್ಲ.

ರಾತ್ರಿ ನಿದ್ದೆ ಬಾರದೆ ನಾನು ಅತ್ತೆಯ ಫೋಟೊವನ್ನೇ ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ದಿನವಿಡೀ ಅಷ್ಟು ಜಗಳವಾಗಿತ್ತು, ಫೋಟೊ ನೋಡಿದವರು ಯಾರೂ ಇದ್ದ ಹಾಗಿರಲಿಲ್ಲ. ಬೋರ್ಡಿನ ಮೇಲೆ ಹಿಂದಿ ಅಕ್ಷರ. ಎಡಗಡೆ ಮೂಲೆಯಲ್ಲಿ, ಜಾಲಿ ಗಿಡದ ಹಿಂದೆ, ಉದ್ದ ಕತ್ತು. ಒಂಟೆ. ಸೊಂಪಾಗಿ ಎಲೆ ಮೇಯುತ್ತಾ ನಿಂತಿತ್ತು.

ಅಷ್ಟು ಭಾಗ ಕತ್ತರಿಸಿ, ಕೆಂಪು ಸುತ್ತು ಹಾಕಿ ಗುಂಪಿಗೆ ಕಳಿಸಿದೆ. “ಇದು ನಮ್ಮ ಹಳ್ಳ ಅಲ್ಲ, ನೋಡಿ” ಅಂತ ಬರೆದೆ. ಬೆಳಗ್ಗೆ ದೊಡ್ಡಪ್ಪನ ಗುಲಾಬಿ ಹೂವು ಅದರ ಮೇಲೆ ಬಂದು ಕೂತಿತು. ಎರಡು ದಿನ ಯಾರ ಮಾತೂ ಇಲ್ಲ.

ಮೂರನೇ ದಿನ ನ್ಯೂಜೆರ್ಸಿ ಅಣ್ಣನ ಉತ್ತರ ಬಂತು. “ಅರೆ, ಊರಲ್ಲಿ ಈಗ ಒಂಟೆ ಬೇರೆ ಸಾಕ್ತಿದ್ದಾರಾ? ಯಾರ ಮನೇದು?”