ಸಣ್ಣ ಮಗು, ಘಟ್ಟದ ದಾರಿ, ಹಳೇ ಕಾರು: ಅನುಭವ ಇದ್ದವರು ಹೇಳಿ

ಕೋಡಿಬಾಗದ ಮನೆ:
ಕಾರವಾರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮಗಳಿಗೆ 1 ವರ್ಷ 8 ತಿಂಗಳು. ಇವರ ಮನೆ ಶಿರಸಿಯಿಂದ 12 ಕಿ.ಮೀ. ಒಳಗೆ. ಮಾವನಿಗೆ ಹುಷಾರಿಲ್ಲ, ತಿಂಗಳಿಗೆ ಎರಡು ಸಲವಾದ್ರೂ ಹೋಗಲೇಬೇಕು. ಈಗ ಶಿರಸಿ ತನಕ ಬಸ್ಸು, ಅಲ್ಲಿಂದ ಮುಂದೆ ಮೈದುನನ ಬೈಕು. ದೇವಿಮನೆ ಘಟ್ಟ ಬಂತು ಅಂದ್ರೆ ಮಗು ತಪ್ಪದೆ ವಾಂತಿ ಮಾಡ್ತದೆ. ಎರಡೂವರೆ ಲಕ್ಷ ಕೂಡಿಟ್ಟಿದ್ದೇವೆ. ಪಣಜಿ ಕಡೆ ಪರಿಚಯದವರೊಬ್ಬರು 9 ವರ್ಷದ ಪೆಟ್ರೋಲ್ ಕಾರು 2,10,000ಕ್ಕೆ ಕೊಡ್ತೇನೆ ಅಂತಿದ್ದಾರೆ, ಗೋವಾದ ಜಿಎ ನಂಬರು. ತಗೊಳ್ಳಬಹುದಾ, ಇನ್ನೆರಡು ವರ್ಷ ಬಸ್ಸಲ್ಲೇ ಸುಧಾರಿಸೋದಾ? ಅಕ್ಕ, ಅಣ್ಣಂದಿರು ಹೇಳಿ.

ಸೋಗೆ ಮಾಡು, ಶಿರಸಿ:
ತಗೊಳ್ಳಿ. ಆದ್ರೆ ನಿಮ್ಮ ಮಾವನ ಮನೆಯಲ್ಲಿ ಕಾರು ಎಲ್ಲಿ ನಿಲ್ಲಿಸ್ತೀರಿ ಹೇಳಿ ಮೊದಲು. ನಾನು 2021ರಲ್ಲಿ 2,85,000 ಕೊಟ್ಟು ತಗೊಂಡೆ. ಪೇಟೆಯಲ್ಲಿ ಇದ್ದಷ್ಟು ದಿನ ಒಂದು ತಕರಾರಿಲ್ಲ. ಮಳೆಗಾಲದಲ್ಲಿ ಊರ ಮನೆಗೆ ಹೋಗಿ ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ನಿಲ್ಲಿಸಿದೆ. ಮೂರನೇ ದಿನ ಕೀ ತಿರುಗಿಸಿದ್ರೆ ಡ್ಯಾಶ್‌ಬೋರ್ಡಲ್ಲಿದ್ದ ದೀಪ ಎಲ್ಲಾ ಹತ್ತಿದ್ವು, ಎಂಜಿನ್ ಒಂದು ಹತ್ತಲಿಲ್ಲ. ಬಾನೆಟ್ ಎತ್ತಿದೆ. ಬ್ಯಾಟರಿ ಮೇಲೆ ಅಡಿಕೆ ಸಿಪ್ಪೆ, ಹತ್ತಿ, ನನ್ನ ಮಗಳ ಕಾಲುಚೀಲ ಹರಿದು ಮಾಡಿದ ನೂಲು, ಅದರ ನಡುವೆ ಇನ್ನೂ ಕಣ್ಣು ಬಿಡದ ನಾಲ್ಕು ಇಲಿಮರಿ. ಬಾಣಂತನ ನಮ್ಮ ಕಾರಲ್ಲೇ!

ಶಿರಸಿಗೆ ಎಳೆಸಿಕೊಂಡು ಹೋಗೋಕೆ 1,800. ವೈರಿಂಗ್ 6,400. ಇಪ್ಪತ್ತೆರಡು ದಿನ ಬಿಟ್ಟು ಮತ್ತೆ ಕಚ್ಚಿತು, 3,900. ನವರಾತ್ರಿ ಹೊತ್ತಿಗೆ ಮೂರನೇ ಸಲ, ಈ ಸಲ ಪೆಟ್ರೋಲ್ ಪೈಪು, 2,700. ಮಗುವಿಗೆ ಜ್ವರ, ಪೇಟೆಗೆ ಹೋಗಬೇಕು ಅನ್ನೋ ದಿನವೇ ಅದು. ಡಾಂಬರು ಗುಳಿಗೆ ಇಟ್ಟೆ, ಇಲಿ ಅದನ್ನ ಬದಿಗೆ ಸರಿಸಿ ಮಲಗಿತ್ತು. ಕವಳದ (ಎಲೆ ಅಡಿಕೆಯ) ತಂಬಾಕು ಕಟ್ಟಿಟ್ರೆ ಬರೋದಿಲ್ಲ ಅಂದ್ರು. ಒಳ್ಳೆ ಎಸಳು ನೋಡಿ ಕಟ್ಟಿದೆ. ಇಲಿ ಬರಲಿಲ್ಲ ನಿಜ. ಎಂಟು ದಿನ ಬಿಟ್ಟು ನೋಡಿದ್ರೆ ತಂಬಾಕೂ ಇಲ್ಲ. ನಮ್ಮ ದೊಡ್ಡಪ್ಪ ದಿನಾ ಸಂಜೆ ಬಾನೆಟ್ ಎತ್ತಿ ಸ್ವಲ್ಪ ಸ್ವಲ್ಪ ಮುರ್ಕೊಂಡು ಕವಳಕ್ಕೆ ಹಾಕ್ಕೊಂಡಿದ್ರು. ಕೊನೆಗೆ ಕೆಳಗಿಂದ ತಂತಿ ಬಲೆ ಹೊಡೆಸಿದೆ, 1,100 ರೂಪಾಯಿ. ಮೊದಲೇ ಹೊಡೆಸಿದ್ರೆ 14,800 ಉಳೀತಿತ್ತು. ಒಳಗೆ ಸೀಟು, ಬೆಲ್ಟಿಗೆ ಹಿಡಿಯೋ ಬೂಷ್ಟಿನ ಕತೆ ಬೇರೆ, ಅದನ್ನ ಆಮೇಲೆ ಬರೀತೇನೆ.

ಕಡಲ ಗಾಳಿ, ಕಾರವಾರ:
ಅರೆ, ಇಲಿ ಕಡಿದದ್ದು ಕಣ್ಣಿಗಾದ್ರೂ ಕಾಣ್ತದೆ. ಉಪ್ಪುಗಾಳಿ ತಿಂದದ್ದು ಕಾಣೋದಿಲ್ಲ. ನಮ್ಮ ಮನೆ ಬೈತಖೋಲ ಹತ್ತಿರ, ಸಮುದ್ರ ಕೂಗಳತೆ ದೂರ. ಕಾರು ತಗೊಂಡಾಗ ಹೊರಗಿಂದ ಬೆಳ್ಳಗೆ ಮದುಮಗಳ ಹಾಗಿತ್ತು. ಒಂದು ದಿನ ಹಿಂದಿನ ಸೀಟಿನ ಮಗ ತುಂಬಾ ಹೊತ್ತು ಸುಮ್ಮನೆ ಕೂತಿದ್ದಾನಲ್ಲ ಅಂತ ತಿರುಗಿ ನೋಡಿದೆ. ಕಾಲಡಿಯ ಮ್ಯಾಟ್ ಸರಿಸಿ, ತಳದಲ್ಲಿದ್ದ ತೂತಿಂದ ಒಂದೊಂದೇ ಬಿಸ್ಕೀಟ್ ರಸ್ತೆಗೆ ಬಿಡ್ತಿದ್ದ. ಆಗ ಗೊತ್ತಾಯ್ತು ತಳ ಹೋಗಿದೆ ಅಂತ.

ಟಿಂಕರಿಂಗ್ 14,000. ತಳಕ್ಕೆ ಕೋಟಿಂಗ್ 4,500. ಬ್ರೇಕ್ ಪೈಪು 2,200. ಸೈಲೆನ್ಸರ್ ಎರಡು ಸಲ, 3,800 ಮತ್ತೆ 3,600. ಡಿಕ್ಕಿಯ ತಳಕ್ಕೆ ಬೇರೆ ತಗಡು ಬೆಸುಗೆ, 5,000. ಟಾಗೋರ್ ಬೀಚಿಗೆ ಹೋಗಿ ಬಂದ ಮಕ್ಕಳ ಕಾಲಿನ ಮರಳಿದೆಯಲ್ಲ, ಅದೂ ಉಪ್ಪೇ. ಈಗ ಎಂಟು ದಿನಕ್ಕೊಮ್ಮೆ ಅಡಿಯಿಂದ ಸಿಹಿನೀರು ಹೊಡೀತೇನೆ, ಹೆಂಡತಿ ‘ಎಮ್ಮೆ ತೊಳ್ದಾಯ್ತಾ’ ಅಂತ ಕೇಳ್ತಾಳೆ.

ಆದ್ರೂ ಮಾರೋದಿಲ್ಲ. 2024ರ ಆಗಸ್ಟ್ 6ರ ರಾತ್ರಿ ಹೆಂಡತಿ ತವರಿಂದ, ಅಂದ್ರೆ ಸದಾಶಿವಗಡದಿಂದ, ಒಂಬತ್ತರ ಸುಮಾರಿಗೆ ಕಾಳಿ ಹಳೇ ಸೇತುವೆ ಮೇಲೆ ಮಗು ಮಲಗಿಸ್ಕೊಂಡು ಇದೇ ಕಾರಲ್ಲಿ ಬಂದೆವು. ಮಧ್ಯರಾತ್ರಿ ಕಳೆದ ಮೇಲೆ ಆ ಸೇತುವೆ ಲಾರಿ ಸಮೇತ ಹೊಳೆಗೆ ಬಿತ್ತು. ಬೆಳಿಗ್ಗೆ ಸುದ್ದಿ ಕೇಳಿ ನಮ್ಮ ಆಯಿ ಕಾರಿಗೇ ಕುಂಕುಮ ಹಚ್ಚಿದಳು.

ಎರಡು ಮಕ್ಕಳ ಅಮ್ಮ, ಕುಮಟಾ:
ನೋಡು ತಂಗಿ, ಮಗು ವಾಂತಿ ಮಾಡ್ತದೆ ಅಂತ ಕಾರು ತಗೊಂಡ್ರೆ ಕಾರಲ್ಲಿ ವಾಂತಿ ಮಾಡ್ತದೆ, ಅಷ್ಟೇ ವ್ಯತ್ಯಾಸ. ಬಸ್ಸಿನ ಸೀಟು ಒರೆಸಿ ಇಳಿದು ಹೋಗಬಹುದು, ಕಾರಿನ ವಾಸನೆ ಜೊತೆ ನೀವೇ ಸಂಸಾರ ಮಾಡಬೇಕು.

ನಾನು ಶಕ್ತಿ ಯೋಜನೆ ಶುರುವಾದಾಗಿಂದ, 2023ರ ಜೂನ್ 11ರಿಂದ, ಕುಮಟಾ–ಶಿರಸಿ ಓಡಾಟದ ಲೆಕ್ಕ ಕ್ಯಾಲೆಂಡರಲ್ಲಿ ಬರೆದಿಟ್ಟಿದ್ದೇನೆ. ಹೋಗಿ ಬಂದು 61 ಸಲ. ದೊಡ್ಡವ 4 ಸಲ, ಸಣ್ಣವಳು 9 ಸಲ ವಾಂತಿ. ಟಿಕೆಟ್ಟು ನನಗೆ ಸೊನ್ನೆ, ಆರು ವರ್ಷದ ಒಳಗಿನವರಿಗೂ ಇಲ್ಲ. ಹೊರಡೋಕೆ ಒಂದೂವರೆ ತಾಸು ಮುಂಚೆ ಊಟ ಮುಗಿಸಬೇಕು, ಹಾಲು ಬೇಡವೇ ಬೇಡ. ಮುಂದಿನ ಸೀಟು, ಕಿಟಕಿ ಒಂದು ಬೆರಳಷ್ಟು ತೆಗೆದು. ಲಿಂಬೆಹಣ್ಣು ಉಗುರಲ್ಲಿ ಗೀರಿ ಕೈಯಲ್ಲಿ ಕೊಡೋದು. ದೇವಿಮನೆಯ ಮೊದಲ ತಿರುವು ಬರೋ ಮೊದಲೇ ಮಲಗಿಸಿಬಿಟ್ರೆ ಗೆದ್ದೆ. ಒಂದು ಸಲ ಬಸ್ಸು ಘಟ್ಟದ ನಡುವೆ ಕೆಟ್ಟು ಜಡಿಮಳೆಯಲ್ಲಿ ಎರಡು ತಾಸು ಕೂತಿದ್ವಿ. ಯಾರೋ ಅಜ್ಜಿ ಚೀಲದಿಂದ ಚಕ್ಕುಲಿ ತೆಗೆದು ಇಡೀ ಬಸ್ಸಿಗೆ ಹಂಚಿದ್ರು. ನಿಮ್ಮ ಕಾರು ಕೆಟ್ರೆ ಚಕ್ಕುಲಿ ಯಾರು ಕೊಡ್ತಾರೆ?

ಸೋಗೆ ಮಾಡು, ಶಿರಸಿ:
ಬಿಟ್ಟಿ ಬಸ್ಸು ಇದ್ದವರಿಗೆ ಎಲ್ಲಾ ಚಂದವೇ. ನಮ್ಮೂರಿಗೆ ಇರೋದು ದಿನಕ್ಕೆ ಎರಡು ಬಸ್ಸು, ಅದೂ ಮಳೆ ಜೋರಾದ್ರೆ ಮೂರು ಕಿಲೋಮೀಟರ್ ಹಿಂದೇ ತಿರುಗ್ತದೆ. ರಾತ್ರಿ ಹನ್ನೊಂದಕ್ಕೆ ಮಗುವಿಗೆ ದಮ್ಮು ಕಟ್ಟಿದ್ರೆ ನಿಮ್ಮ ಕ್ಯಾಲೆಂಡರ್ ನೋಡ್ತಾ ಕೂರೋದಾ?

ಎರಡು ಮಕ್ಕಳ ಅಮ್ಮ, ಕುಮಟಾ:
ಬಿಟ್ಟಿ ಅನ್ನಬೇಡಿ. ನಾನೂ ಸಾಬೂನಿಂದ ಹಿಡಿದು ಎಲ್ಲದಕ್ಕೂ ತೆರಿಗೆ ಕಟ್ಟೇ ತಗೊಳ್ಳೋದು. ರಾತ್ರಿ ಹನ್ನೊಂದಕ್ಕೆ ಹೋಗೋಕೆ ನಿಮ್ಮ ಕಾರು ಮೊದಲು ಸ್ಟಾರ್ಟ್ ಆಗಬೇಕಲ್ಲ? ಇಲಿ ಬಾಣಂತಿ ಎದ್ದು ದಾರಿ ಬಿಡಬೇಕು.

ಸ್ಕೂಟರ್ ಸಾಕು, ಅಂಕೋಲಾ:
ಮೂರು ವರ್ಷದ ಮಗನ್ನ ಮುಂದೆ ನಿಲ್ಲಿಸ್ಕೊಂಡು ಅಂಕೋಲಾದಿಂದ ಅಚವೆ, ವಡ್ಡಿ ಘಟ್ಟ ಹತ್ತಿ ಶಿರಸಿಗೆ ಹೋಗ್ತೇನೆ. ಒಂದು ಸಲವೂ ವಾಂತಿ ಇಲ್ಲ, ಮುಖಕ್ಕೆ ಗಾಳಿ ಹೊಡೀತಾ ಇರ್ತದಲ್ಲ. ಹೋಗಿ ಬರೋಕೆ ಪೆಟ್ರೋಲು 400 ರೂಪಾಯಿ. ಕಾರಂತೆ ಕಾರು.

ಕಡಲ ಗಾಳಿ, ಕಾರವಾರ:
ಮಾರಾಯ, ಮುಂದೆ ನಿಲ್ಲಿಸ್ಕೊಂಡು ಘಟ್ಟವಾ? 9 ತಿಂಗಳಿಂದ 4 ವರ್ಷದ ಮಗುವಿಗೆ ಹೆಲ್ಮೆಟ್ ಬೇಕು, ಸವಾರನಿಗೆ ಕಟ್ಟೋ ಬೆಲ್ಟ್ ಬೇಕು, 40ರ ಮೇಲೆ ಓಡಿಸೋ ಹಾಗಿಲ್ಲ. 2022ರಲ್ಲೇ ನಿಯಮ ಬಂದಿದೆ, 2023ರ ಫೆಬ್ರವರಿಯಿಂದ ಜಾರಿ. ಕಾನೂನು ಬಿಡು, ನಿನ್ನ ಬ್ರೇಕ್ ಜಾರಿದ್ರೆ ಮೊದಲು ಬೀಳೋನು ಅವನು.

ಸ್ಕೂಟರ್ ಸಾಕು, ಅಂಕೋಲಾ:
ತಳ ತೂತಾದ ಕಾರಲ್ಲಿ ಮಗು ಕೂರಿಸಿದವರು ನನಗೆ ಬುದ್ಧಿ ಹೇಳ್ತಾರೆ. ಹೆಲ್ಮೆಟ್ ತಂದಿದ್ದೆ, 850 ಕೊಟ್ಟು. ಅವ ಹಾಕ್ಕೊಳ್ಳೋದಿಲ್ಲ, ಈಗ ಅದರಲ್ಲಿ ಕೋಳಿ ಕಾವಿಗೆ ಕೂತಿದೆ.

ಗಡಿ ದಾಟಿದವ, ಕಾರವಾರ:
ಎಲ್ಲರೂ ಇಲಿ, ಕೋಳಿ ಅಂತಿದ್ದೀರಿ. ಅವರು ಬರೆದದ್ದರಲ್ಲಿ ‘ಜಿಎ ನಂಬರು’ ಅನ್ನೋದು ಯಾರ ಕಣ್ಣಿಗೂ ಬೀಳಲಿಲ್ಲವಾ? ನಾನು 2022ರಲ್ಲಿ ಮಡಗಾಂವ್ ಕಡೆಯ ಒಬ್ಬರಿಂದ 1,95,000ಕ್ಕೆ ತಗೊಂಡೆ. ಕಾರವಾರದಲ್ಲಿ ಅರ್ಧ ಊರು ಜಿಎ ನಂಬರಲ್ಲೇ ಓಡ್ತದೆ, ನನಗೇನು ಅಂದ್ಕೊಂಡೆ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ರೆ ಇಲ್ಲಿಯ ನಂಬರ್ ಮಾಡಿಸಲೇಬೇಕು, ಇಲ್ಲಿಯ ಲೈಫ್ ಟ್ಯಾಕ್ಸ್ ಕಟ್ಟಬೇಕು. ಹದಿನಾಲ್ಕನೇ ತಿಂಗಳು, ಮಗಳ ಹುಟ್ಟುಹಬ್ಬದ ಕೇಕ್ ಹಿಂದಿನ ಸೀಟಲ್ಲಿ, ನಡುರಸ್ತೆಯಲ್ಲಿ ನಿಲ್ಲಿಸಿದ್ರು. ಮೇ ತಿಂಗಳ ಸೆಕೆ. ಕಾಗದ ನೋಡಿ ಮುಗಿಸೋ ಹೊತ್ತಿಗೆ ಕೇಕ್ ಮೇಲಿನ ಹೆಸರು ಹರಿದು ಡಬ್ಬಿ ಮೂಲೆ ಸೇರಿತ್ತು.

ಆಮೇಲೆ ಎನ್‌ಒಸಿ ಪುರಾಣ, ಅಂದ್ರೆ ಗೋವಾದಿಂದ ತರಬೇಕಾದ ‘ಆಕ್ಷೇಪ ಇಲ್ಲ’ ಅನ್ನೋ ಪತ್ರ. ಕಾರು ಮಾರಿದವನ ಸಾಲ ತೀರಿತ್ತು, ಆದ್ರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿರಲಿಲ್ಲ. ಅವನ ಸಹಿ ಬೇಕು, ಅವ ಕುವೈತಿಗೆ ಹೋಗಿಯಾಗಿತ್ತು. ಐದು ಸಲ ಮಡಗಾಂವ್, ಐದು ರಜೆ. ಏಜೆಂಟಿಗೆ 3,500 ಒಮ್ಮೆ, 2,000 ಇನ್ನೊಮ್ಮೆ. ಟ್ಯಾಕ್ಸ್ 31,200. ಗಾಡಿ ಹಳೇದಾದಷ್ಟು ಪಾಲು ಇಳೀತದೆ, ಆದ್ರೂ ಅಷ್ಟಾಯ್ತು. ನಂಬರ್ ಪ್ಲೇಟು, ಇನ್ಶೂರೆನ್ಸ್ ಬದಲಾವಣೆ, ಓಡಾಟ, ಚಾ ಸೇರಿ 52,600. ಗೋವಾದಲ್ಲಿ ಮೊದಲು ಕಟ್ಟಿದ್ದ ಟ್ಯಾಕ್ಸಿನಲ್ಲಿ ಉಳಿದದ್ದು ವಾಪಸ್ ಕೇಳಬಹುದು ಅಂತ ಅರ್ಜಿ ಹಾಕಿದ್ದೇನೆ. ಹಾಕಿದ್ದೇನೆ ಅಷ್ಟೇ.

ಕೋಡಿಬಾಗದ ಮನೆ:
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಹಾಗಾದ್ರೆ 2,10,000 ಅಂದ್ರೆ ಎರಡೂಮುಕ್ಕಾಲು ಆಗಬಹುದಾ? ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದೆಯಾ ಅಂತ ಇವತ್ತೇ ಕೇಳ್ತೇನೆ. ಮತ್ತೆ ಘಟ್ಟಕ್ಕೆ ಪೆಟ್ರೋಲ್ ಕಾರು ಎಳೀತದಾ?

ಸೋಗೆ ಮಾಡು, ಶಿರಸಿ:
ಎಳೀತದೆ. ಕಡಲ ಗಾಳಿಯವರೇ, ಬೆಳಗಿಂದ ಒಂದು ಮಾತು ತಲೆ ತಿಂತಾ ಇದೆ. ಡಿಕ್ಕಿ ತಳಕ್ಕೆ ಬೆಸುಗೆ ಅಂದ್ರಲ್ಲ, ಡಿಕ್ಕಿ ಒಳಗೆ ಉಪ್ಪುಗಾಳಿ ಹೇಗೆ ಹೋಗ್ತದೆ? ಅದು ನಿಮ್ಮ ಬಂಗಡೆ ನೀರು ಅಲ್ದಾ?

ಕಡಲ ಗಾಳಿ, ಕಾರವಾರ:
ಮೀನು ಸೀಟಿನ ಕೆಳಗೆ ಬಕೆಟ್‌ನಲ್ಲಿ ತರ್ತೇವೆ, ಡಿಕ್ಕಿಯಲ್ಲಲ್ಲ. ಘಟ್ಟದ ಮೇಲಿನವರಿಗೆ ಏನಾದ್ರೂ ಕೆಟ್ರೆ ಬಂಗಡೆಯೇ ಕಾರಣ. ನಿಮ್ಮ ಉಪ್ಪಿನಕಾಯಿ ಭರಣಿ ಒಡೆದ್ರೆ ಏನಾಗ್ತದೆ ನೋಡಿದ್ದೀರಾ?

ಎರಡು ಮಕ್ಕಳ ಅಮ್ಮ, ಕುಮಟಾ:
ನೋಡಿದ್ದೇನೆ. ಅಪ್ಪೆಮಿಡಿ ಭರಣಿ, ಬಸ್ಸಲ್ಲಿ. ಆ ವಾಸನೆಗೆ ಅವತ್ತು ಯಾರಿಗೂ ವಾಂತಿ ಬರಲಿಲ್ಲ, ಎಲ್ಲರಿಗೂ ಹಸಿವಾಯ್ತು.

ಸ್ಕೂಟರ್ ಸಾಕು, ಅಂಕೋಲಾ:
ದಾರಿ ಬಗ್ಗೆ ಯಾರೂ ಹೇಳ್ತಿಲ್ಲ. 2024ರ ಜುಲೈ 16ಕ್ಕೆ ಶಿರೂರು ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್. ಅಗಲ ಮಾಡ್ತೇವೆ ಅಂತ ದೇವಿಮನೆ ಬಂದ್ ಮಾಡಿದಾಗ ಎಲ್ಲಾ ವಡ್ಡಿ ಕಡೆ ನುಗ್ಗಿದ್ರು. ಆಗ ಕಾರು ಬಸ್ಸು ಎಲ್ಲಾ ಸಾಲಾಗಿ ನಿಂತಿದ್ವು, ನಾನು ಬದಿಯಿಂದ ಹೋದೆ.

ಸೋಗೆ ಮಾಡು, ಶಿರಸಿ:
ಬದಿಯಿಂದ ನುಗ್ಗೋರಿಂದಲೇ ಸಾಲು ಆಗೋದು ಮಳ್ಳು.

ಗಡಿ ದಾಟಿದವ, ಕಾರವಾರ:
ಕೋಡಿಬಾಗದವರೇ, ನನ್ನದು ಈಗ ಕಾರವಾರದ ನಂಬರು, ಕೆಎ-30. ಟ್ಯಾಕ್ಸ್ ಎಲ್ಲಾ ಕಟ್ಟಿ ಆಗಿದೆ, ಬ್ಯಾಂಕಿನ ಹೆಸರಿಲ್ಲ. ಎರಡನೇ ಮಗು ಆಗಿದೆ, ನಮಗೆ ದೊಡ್ಡ ಗಾಡಿ ಬೇಕು. 2,40,000ಕ್ಕೆ ಕೊಡ್ತೇನೆ. ಪಾಪುವನ್ನ ಕೂರಿಸೋ ಸೀಟು ಹಾಗೇ ಕೊಡ್ತೇನೆ, ಅದಕ್ಕೆ ಬೇರೆ ದುಡ್ಡು ಬೇಡ. ಒಂದು ಬಕ್ಕಲ್ ಸ್ವಲ್ಪ ಗಟ್ಟಿ.

ಕೋಡಿಬಾಗದ ಮನೆ:
ಮ್ಯಾಟ್ ಎತ್ತಿ ಒಂದು ಫೋಟೋ ಹಾಕ್ತೀರಾ ಅಣ್ಣಾ? ಬಾನೆಟ್ಟಿಂದೂ.

ಗಡಿ ದಾಟಿದವ, ಕಾರವಾರ:
ರವಿವಾರ ಹಾಕ್ತೇನೆ. ಹೆಂಡತಿ ಬಾಣಂತನಕ್ಕೆ ತವರಲ್ಲಿದ್ದಾಳೆ, ಕಾರು ಅಲ್ಲೇ ಇದೆ. ತವರು ಶಿರಸಿ.