ದುಡಿಯುವವರನ್ನು ಕಳೆದುಕೊಂಡ ಕುಟುಂಬಕ್ಕೆ ಸಿಗಬೇಕಾದ ನೆರವು: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಮಾನ್ಯರೇ, ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿರುವ ಬಾಲಕಿಯೊಬ್ಬಳ ತಂದೆ ಕಳೆದ ವಾರ ಅನಾರೋಗ್ಯದಿಂದ ಮನೆಯಲ್ಲಿಯೇ ತೀರಿಕೊಂಡರು. ಗಾರೆ ಕೆಲಸ ಮಾಡುತ್ತಿದ್ದ ಅವರಿಗೆ ನಲವತ್ತು ದಾಟಿತ್ತಷ್ಟೇ. ಮನೆಯಲ್ಲಿ ಈಗ ಕೂಲಿ ಮಾಡುವ ತಾಯಿ, ಈ ಹುಡುಗಿ, ಐದನೆಯ ತರಗತಿಯ ತಮ್ಮ ಮತ್ತು ಅಜ್ಜಿ ಇದ್ದಾರೆ. ಬಿಪಿಎಲ್ ಕಾರ್ಡಿನಲ್ಲಿ ಅಜ್ಜಿಯೇ ಕುಟುಂಬದ ಯಜಮಾನಿ. ತಾಯಿಯ ಹೆಸರಿನಲ್ಲಿ ಮೈಕ್ರೋಫೈನಾನ್ಸ್ ಸಾಲವಿದ್ದು, ವಾರದ ಕಂತು ನಿಂತಿಲ್ಲ. ಹುಡುಗಿಯನ್ನು ಶಾಲೆ ಬಿಡಿಸಿ ಕೆಲಸಕ್ಕೆ ಕಳುಹಿಸುವ ಮಾತು ಆಗಲೇ ಕೇಳಿಬರುತ್ತಿದೆ. ನನ್ನನ್ನು ಹೆಚ್ಚು ಕಾಡುತ್ತಿರುವುದು ಅದೇ. ಇವರಿಗೆ ಯಾವ ಯಾವ ನೆರವು ದೊರೆಯುತ್ತದೆ, ಯಾವುದನ್ನು ಮೊದಲು ಮಾಡಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕಂದಾಯ ಇಲಾಖೆಯ ನಿವೃತ್ತ ನೌಕರರು

ಮೇಡಂ, ಮೊದಲು ಮರಣ ನೋಂದಣಿ ಆಗಿದೆಯೇ ಎಂದು ವಿಚಾರಿಸಿ. ಮನೆಯಲ್ಲಿ ಸಂಭವಿಸಿದ ಸಾವನ್ನು ಮನೆಯವರೇ ಹೋಗಿ ತಿಳಿಸಬೇಕಾಗುತ್ತದೆ. 21 ದಿನಗಳೊಳಗೆ ತಿಳಿಸಿದರೆ ಶುಲ್ಕವಿಲ್ಲ. ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ನೋಂದಣಿಯೇ ಆಗುವುದಿಲ್ಲ. ಮುಂದಿನ ಪ್ರತಿಯೊಂದು ಅರ್ಜಿಗೂ ಈ ಪ್ರಮಾಣಪತ್ರ ಬೇಕು.

ಅದು ಕೈಸೇರಿದ ಬಳಿಕ ನಾಡಕಚೇರಿಯಲ್ಲಿ ಎರಡು ಅರ್ಜಿಗಳನ್ನು ಕೊಡಿಸಿ. ಒಂದು ವಿಧವಾ ವೇತನಕ್ಕೆ. ತಿಂಗಳಿಗೆ 800 ರೂಪಾಯಿ ಬರುತ್ತದೆ. ಇನ್ನೊಂದು ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಗೆ. ಬಡತನ ರೇಖೆಗಿಂತ ಕೆಳಗಿರುವ ಕುಟುಂಬದಲ್ಲಿ ದುಡಿಯುತ್ತಿದ್ದ ಮುಖ್ಯ ಸದಸ್ಯರು 18ರಿಂದ 59 ವರ್ಷದೊಳಗೆ ತೀರಿಕೊಂಡರೆ, ಸಾವಿಗೆ ಕಾರಣ ಏನೇ ಇರಲಿ, ಒಮ್ಮೆಗೆ 20,000 ರೂಪಾಯಿ ಕೊಡುವ ಯೋಜನೆಯಿದು. ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲವೆಂದು ನಂಬಿಕೊಂಡು ಎಷ್ಟೋ ಜನ ಈ ಎರಡನೆಯದನ್ನು ಕೇಳುವುದೇ ಇಲ್ಲ, ಕೇಳದವರಿಗೆ ಯಾರೂ ಕರೆದು ಹೇಳುವುದೂ ಇಲ್ಲ. ಅರ್ಜಿ ಕೊಟ್ಟಾಗ ಸಕಾಲ (ಸರ್ಕಾರಿ ಸೇವೆಯನ್ನು ನಿಗದಿತ ಅವಧಿಯೊಳಗೆ ಕೊಡುವ ವ್ಯವಸ್ಥೆ) ಸಂಖ್ಯೆಯಿರುವ ಸ್ವೀಕೃತಿಯನ್ನು ತಪ್ಪದೆ ಪಡೆಯಿರಿ. ನಾಳೆ ವಿಚಾರಿಸಲು ಅದೇ ಆಧಾರ.

ಉತ್ತರ: ಮಕ್ಕಳ ರಕ್ಷಣಾ ಕ್ಷೇತ್ರದ ಕಾರ್ಯಕರ್ತೆ

ಹುಡುಗಿಯ ಓದಿನ ವಿಷಯದಲ್ಲಿ ಪ್ರಾಯೋಜಕತ್ವ ಯೋಜನೆ ನೆರವಾಗಬಹುದು. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಅಡಿಯಲ್ಲಿ, ತಂದೆಯನ್ನು ಕಳೆದುಕೊಂಡು ತಾಯಿಯೊಂದಿಗೆ ಇರುವ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕಾಗಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೀಡಲು ಇದರಲ್ಲಿ ಅವಕಾಶವಿದೆ. ಗ್ರಾಮೀಣ ಪ್ರದೇಶದಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು, ನಗರದಲ್ಲಾದರೆ 96,000. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಸಲ್ಲಿಸಬೇಕು. ಮಂಜೂರಾತಿ ಕೂಡಲೇ ಆಗುವುದಿಲ್ಲ. ಅನುದಾನ ಮತ್ತು ಸಮಿತಿಯ ಸಭೆಗಳಿಗಾಗಿ ಕಾಯಬೇಕಾಗುತ್ತದೆ. ಆದ್ದರಿಂದಲೇ ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿ, ತಮ್ಮನ ಹೆಸರಿನಲ್ಲಿಯೂ ಅರ್ಜಿ ಹಾಕಿಸಿ. ಹುಡುಗಿಯ ಹಾಜರಾತಿ ನಿರಂತರವಾಗಿರುವಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ, ಏಕೆಂದರೆ ಶಾಲೆ ಬಿಟ್ಟರೆ ಈ ನೆರವು ನಿಂತುಹೋಗುವ ಸಂಭವವಿದೆ. ಮಾತು ಕೆಲಸಕ್ಕೆ ಕಳುಹಿಸುವ ಹಂತಕ್ಕೋ ಮದುವೆಯ ಹಂತಕ್ಕೋ ಹೋದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹಿಂಜರಿಯಬೇಡಿ. ಆದರೆ ಅದಕ್ಕೂ ಮುನ್ನ ತಾಯಿಯೊಂದಿಗೆ ಕುಳಿತು ಈ ಹಣದ ಲೆಕ್ಕವನ್ನು ಬಿಡಿಸಿ ಹೇಳಿ. ನಾನು ಕಂಡಂತೆ ಬಹುತೇಕ ತಾಯಂದಿರು ಮಕ್ಕಳ ಓದನ್ನು ಬೇಡವೆನ್ನುವುದಿಲ್ಲ. ಮುಂದಿನ ತಿಂಗಳು ಹೇಗೆ ಎಂಬ ದಿಗಿಲಿನಿಂದ ಆ ಮಾತಾಡುತ್ತಾರೆ.

ಉತ್ತರ: ಸಹಕಾರಿ ಸಂಘದ ಕಾರ್ಯದರ್ಶಿ

ಮೃತರ ಬ್ಯಾಂಕ್ ಪಾಸ್‌ಬುಕ್ಕನ್ನು ದಯವಿಟ್ಟು ಎಂಟ್ರಿ ಮಾಡಿಸಿ ನೋಡಿ. ಮೇ ತಿಂಗಳ ಕೊನೆಯ ಹೊತ್ತಿಗೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು ಆಗಿರುವ ಸಾಧ್ಯತೆ ಹೆಚ್ಚು; ವಿಮೆ ಚಾಲ್ತಿಯಲ್ಲಿದ್ದರೆ ನಾಮನಿರ್ದೇಶಿತರಿಗೆ 2 ಲಕ್ಷ ರೂಪಾಯಿ ಬರುತ್ತದೆ. ಖಾತೆ ತೆರೆಯುವಾಗ ಬ್ಯಾಂಕಿನವರು ಸಹಿ ಹಾಕಿಸಿಕೊಂಡದ್ದು ಮನೆಯವರಿಗೆ ತಿಳಿದೇ ಇರುವುದಿಲ್ಲ. 20 ರೂಪಾಯಿಯ ಕಡಿತ ಅಪಘಾತ ವಿಮೆಯದು, ಈ ಪ್ರಕರಣಕ್ಕೆ ಅನ್ವಯಿಸದು.

ಮೈಕ್ರೋಫೈನಾನ್ಸ್ ಸಾಲದ ವಿಷಯವೂ ಹೀಗೆಯೇ. ಇಂತಹ ಅನೇಕ ಸಾಲಗಳಲ್ಲಿ ಸಾಲಗಾರರ ಜೊತೆಗೆ ಪತಿ ಅಥವಾ ಪತ್ನಿಯ ಜೀವಕ್ಕೂ ವಿಮೆಯ ಹಣವನ್ನು ಆರಂಭದಲ್ಲಿಯೇ ಹಿಡಿದುಕೊಂಡಿರುತ್ತಾರೆ. ಸಾಲದ ಕಾರ್ಡನ್ನು ಓದಿ, ವಿಮೆಯಿದ್ದರೆ ಕ್ಲೇಮಿಗೆ ಲಿಖಿತ ಅರ್ಜಿ ಕೊಡಿಸಿ. ವಸೂಲಿಗೆ ಬಂದವರು ಬೆದರಿಸಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಅಲ್ಲಿ ಉಚಿತ ಕಾನೂನು ನೆರವು ದೊರೆಯುತ್ತದೆ. ಗಾರೆ ಕೆಲಸದವರಾದ್ದರಿಂದ ಲೇಬರ್ ಕಾರ್ಡ್ ಇತ್ತೇ ಎಂಬುದನ್ನೂ ಕೇಳಿ. ಇದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಸಹಜ ಸಾವಿಗೂ ಪರಿಹಾರವಿದೆ, ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಲೇಬರ್ ಕಾರ್ಡ್ ಸಿಕ್ಕಿದೆ, ಪಾಸ್‌ಬುಕ್ಕನ್ನು ಸೋಮವಾರ ನೋಡಿಸುತ್ತೇವೆ. ಗೃಹಲಕ್ಷ್ಮಿ ಹಣವನ್ನು ತಾಯಿಯ ಹೆಸರಿಗೆ ಬದಲಾಯಿಸಬೇಕೆಂದು ನೆರೆಯವರು ಹೇಳುತ್ತಿದ್ದಾರೆ. ಅದು ಸರಿಯೇ?

ಉತ್ತರ: ಕಂದಾಯ ಇಲಾಖೆಯ ನಿವೃತ್ತ ನೌಕರರು

ಈಗ ಬೇಡ ಮೇಡಂ. ಅಜ್ಜಿಗೆ 2,000 ರೂಪಾಯಿ ಸರಿಯಾಗಿ ಬರುತ್ತಿದ್ದರೆ, ಯಜಮಾನಿಯ ಹೆಸರು ಬದಲಾಯಿಸಲು ಹೊರಟು ಇರುವ ಹಣವೂ ನಿಲ್ಲುವಂತಾಗಬಾರದು. ಪಡಿತರ ಚೀಟಿಯಿಂದ ಮೃತರ ಹೆಸರನ್ನು ಮಾತ್ರ ತೆಗೆಸಿ. ತಾಯಿಯ ಹೆಸರು ಆಧಾರ್, ಪಡಿತರ ಚೀಟಿ ಮತ್ತು ಬ್ಯಾಂಕ್ ಖಾತೆಯಲ್ಲಿ ಒಂದೇ ರೀತಿ ಇದೆಯೇ, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬುದನ್ನು ಸೋಮವಾರ ಬ್ಯಾಂಕಿಗೆ ಹೋದಾಗಲೇ ಪರಿಶೀಲಿಸಿ. ಮಂಜೂರಾದ ವಿಧವಾ ವೇತನ ಖಾತೆಗೆ ಬಾರದೆ ತಿಂಗಳುಗಟ್ಟಲೆ ಉಳಿಯುವುದು ಹೆಚ್ಚಾಗಿ ಇದರಿಂದಲೇ.