ಲ್ಯಾಬ್ ಬಿಟ್ಟು ಕತೆ ಬರೆಯಲು ಹೋಗಬಹುದಾ?

ಪ್ರಶ್ನೆ:
ಯಶವಂತಪುರದ ಹತ್ತಿರ ಒಂದು ಲ್ಯಾಬಿನಲ್ಲಿ ಜೀವಶಾಸ್ತ್ರದ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ) ಮಾಡುತ್ತಿದ್ದೇನೆ. ಕೆಲಸ ಇಷ್ಟವೇ. ಆದರೆ ರಾತ್ರಿ ಕತೆ ಬರೆಯಲು ಕೂತರೆ ಏಳಲು ಮನಸ್ಸೇ ಬರುವುದಿಲ್ಲ. ಸಂಶೋಧನಾ ಪೇಪರ್ ಬರೆದು ಬರೆದು ವಾಕ್ಯಗಳೆಲ್ಲ ವರದಿಯ ಹಾಗಾಗಿವೆ, ಪಾತ್ರ ಅಳುವ ಮೊದಲೇ ಅವಳು ಯಾಕೆ ಅಳುತ್ತಾಳೆ ಅಂತ ಕಾರಣ ಬರೆದುಬಿಡುತ್ತೇನೆ. ಫೆಲೋಶಿಪ್ ಮುಗಿದ ಮೇಲೆ ಪೂರ್ತಿ ಬರವಣಿಗೆಗೆ ಇಳಿಯಲಾ?

ಉತ್ತರ 1:
ಸಂಬಳ ಬಿಡಬೇಡಿ. ಕನ್ನಡದಲ್ಲಿ ಕತೆ ಬರೆದು ಬೆಂಗಳೂರಿನ ಬಾಡಿಗೆ ಕಟ್ಟುವುದು ತುಂಬಾ ಕಷ್ಟ. ಬಿ.ಜಿ.ಎಲ್. ಸ್ವಾಮಿ ಅವರನ್ನು ನೋಡಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು, ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ್ದನ್ನೇ 'ಹಸುರು ಹೊನ್ನು' ಅಂತ ಬರೆದರು, ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಟಪುಟದಲ್ಲೂ ಗಿಡಮರಗಳೇ, ಆದರೂ ಕೆಳಗಿಡಲು ಆಗುವುದಿಲ್ಲ. ನಿಮ್ಮ ಲ್ಯಾಬೇ ನಿಮ್ಮ ಕಾಡು ಅಲ್ವಾ?

ಉತ್ತರ 2:
ಅರ್ಧ ಒಪ್ಪುತ್ತೇನೆ. ಕಾಲೇಜಿನ ಕಾಯಂ ಕೆಲಸ ಬೇರೆ, ಪೋಸ್ಟ್‌ಡಾಕ್ ಬೇರೆ. ಪೋಸ್ಟ್‌ಡಾಕ್‌ನಲ್ಲಿ ರಾತ್ರಿಯನ್ನೂ ಪ್ರಯೋಗವೇ ತಿನ್ನುತ್ತದೆ. ನಾನಾದರೆ ಹೊರಗೆ ಬಂದು ವಿಜ್ಞಾನದ ಅನುವಾದ, ಸಂಪಾದನೆ ಅಂತ ಅರ್ಧ ದಿನದ ಕೆಲಸ ಹಿಡಿಯುತ್ತೇನೆ. ಇನ್ನು ಆ ಕಾರಣ ಬರೆಯುವ ಅಭ್ಯಾಸ: ಮೊದಲ ಕರಡಿನಲ್ಲಿ ಎಲ್ಲಾ ಬರೆಯಿರಿ, ಆಮೇಲೆ 'ಏಕೆಂದರೆ' ಇರುವ ಸಾಲುಗಳನ್ನು ಹೊಡೆದುಹಾಕಿ ಜೋರಾಗಿ ಓದಿ ನೋಡಿ. ಬಹಳಷ್ಟು ಸಾಲು ಬೇಕಾಗಿಯೇ ಇರುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಲ್ಯಾಬಿನ ಬಗ್ಗೆಯೇ ಬರೆಯಬಹುದು ಅಂತ ಹೊಳೆದಿರಲಿಲ್ಲ. 'ಹಸುರು ಹೊನ್ನು' ಕಬ್ಬನ್ ಪಾರ್ಕ್ ಲೈಬ್ರರಿಯಲ್ಲಿ ಸಿಗುತ್ತಾ?